ಬುಟ್ಟಿಗೆ ಹೋದ ಚಪ್ಪಲಿ, ಮನೆಯಲ್ಲೇ ಉಳಿದ ಶೂ

ಮಾಲ್ಡೀವ್ಸ್‌ಗೆ ಡೈವಿಂಗ್‌ಗೆಂದು ಮೊದಲ ಸಲ ಹೋದಾಗ ನನ್ನ ಹತ್ತಿರ ಮೂರು ಜೊತೆ ಪಾದರಕ್ಷೆ ಇತ್ತು. ಕಾಲಲ್ಲಿ ವಾಕಿಂಗ್ ಶೂ. ಬ್ಯಾಗಿನಲ್ಲಿ ಬೆಲ್ಟಿನ ಸ್ಯಾಂಡಲ್, ಜೊತೆಗೆ ರಾತ್ರಿ ಊಟದ ಹೊತ್ತಿಗೆ ಅಂತ ಸ್ವಲ್ಪ ಚೆಂದದ ಚಪ್ಪಲಿ. ದೋಣಿ ಹತ್ತುವ ಜಾಗದಲ್ಲೇ ಸಿಬ್ಬಂದಿ ಹುಡುಗನೊಬ್ಬ ದೊಡ್ಡ ಬುಟ್ಟಿ ಹಿಡಿದು ನಿಂತಿದ್ದ. ಎಲ್ಲರೂ ಕಾಲಲ್ಲಿದ್ದದ್ದನ್ನು ಬಿಚ್ಚಿ ಅದಕ್ಕೆ ಹಾಕಿದರು. ನಾನೂ ಹಾಕಿದೆ. ಆ ಶೂ ಮತ್ತೆ ಕೈಗೆ ಸಿಕ್ಕಿದ್ದು ಏಳು ದಿನದ ಮೇಲೆ. ಉಳಿದ ಎರಡು ಜೊತೆ ಮಂಚದ ಕೆಳಗೆ ಸುಮ್ನೆ ಬಿದ್ದಿದ್ದವು.

ಲಿವ್‌ಅಬೋರ್ಡ್ ಅಂದರೆ ದೋಣಿಯೇ ಮನೆ. ಊಟ, ನಿದ್ದೆ, ಸ್ನಾನ ಎಲ್ಲ ಅಲ್ಲೇ. ದಿನಕ್ಕೆ ಮೂರು ಸಲ ನೀರಿಗಿಳಿಯುವುದು, ಮಧ್ಯೆ ತಿನ್ನುವುದು, ಮಲಗುವುದು. ಮನೆಯೊಳಗೆ ಚಪ್ಪಲಿ ಹಾಕಬಾರದು ಅಂದರೆ ನಮಗೇನೂ ಹೊಸದಲ್ಲ. ಹೊಸಿಲ ಆಚೆ ಬಿಟ್ಟು ಬಂದೇ ಬೆಳೆದವರು. ಮರದ ಡೆಕ್ಕಿಗೆ ಮರಳು ಬರಬಾರದು, ಗೀರು ಬೀಳಬಾರದು ಅನ್ನುವುದೇ ಕಾರಣ. ಯುರೋಪಿನಿಂದ ಬಂದಿದ್ದ ಒಬ್ಬರು ಮಾತ್ರ ಎರಡು ದಿನ ಮುಜುಗರಪಟ್ಟುಕೊಂಡು ಸಾಕ್ಸ್‌ನಲ್ಲೇ ಓಡಾಡಿದರು.

ಹಾಕದ ಚಪ್ಪಲಿಗಳ ಬಗ್ಗೆ ಮನೆಯಲ್ಲಿ ಒಂದು ವಾರ ಯೋಚಿಸಿದ್ದೆ. ನಿಜವಾಗಿ ಬೇಕಾಗಿದ್ದ ಬೂಟಿಗಳನ್ನು, ಅಂದರೆ ಫಿನ್ (ಈಜಲು ಪಾದಕ್ಕೆ ತೊಡುವ ಚಪ್ಪಟೆ ರೆಕ್ಕೆ) ಒಳಗೆ ಹಾಕುವ, ನಿಯೋಪ್ರಿನ್ ಅನ್ನುವ ಮೆತ್ತನೆ ರಬ್ಬರಿನ ಬೂಟುಗಳನ್ನು, ಹತ್ತು ನಿಮಿಷದಲ್ಲಿ ಕೊಂಡು ತಂದಿದ್ದೆ. ಅದರ ಫಲ ಎರಡನೇ ದಿನವೇ ಸಿಕ್ಕಿತು.

ನಾನು ಡೈವಿಂಗ್ ಶುರು ಮಾಡಿದ್ದು ಮುರುಡೇಶ್ವರದಿಂದ ಹೋಗುವ ನೇತ್ರಾಣಿ ದ್ವೀಪದಲ್ಲಿ. ಬೆಳಿಗ್ಗೆ ದೋಣಿ ಹತ್ತುವುದು, ಎರಡು ಡೈವ್ ಮಾಡುವುದು, ಸಂಜೆಯೊಳಗೆ ವಾಪಸ್. ಫಿನ್ ಬಾಡಿಗೆಯದ್ದು. ಹಿಮ್ಮಡಿ ಸ್ವಲ್ಪ ಉಜ್ಜಿದರೆ ಒಂದು ವಾರದಲ್ಲಿ ಮಾಯುತ್ತಿತ್ತು, ಮರೆತೂ ಹೋಗುತ್ತಿತ್ತು. ಲಿವ್‌ಅಬೋರ್ಡ್‌ನಲ್ಲಿ ಅದೇ ಉಜ್ಜು ಆರು ದಿನದಲ್ಲಿ ಹದಿನೇಳು ಸಲ. ಮೊದಲ ದಿನ ಕೆಂಪಾಯಿತು. ಎರಡನೇ ದಿನ ಗುಳ್ಳೆ ಎದ್ದಿತು. ಮೂರನೇ ದಿನ ಬೆಳಗಿನ ಡೈವ್‌ಗೆ ಒದ್ದೆ ಬೂಟಿಯೊಳಗೆ ಕಾಲು ತೂರಿಸುವಾಗ ಗುಳ್ಳೆ ಒಡೆಯಿತು. ಒಡೆದ ಚರ್ಮಕ್ಕೆ ಉಪ್ಪುನೀರು ತಾಗಿದರೆ ಹೇಗಿರುತ್ತೆ ಅಂತ ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ? ಟೇಪ್ ಸುತ್ತಿಕೊಂಡು ಮತ್ತೆರಡು ಡೈವ್ ಮಾಡಿದೆ. ನಾಲ್ಕನೇ ದಿನ ಪೂರ್ತಿ ಡೆಕ್ ಮೇಲೆ ಕುಳಿತೆ. ಅವತ್ತೇ ಉಳಿದವರು ದಕ್ಷಿಣ ಆರಿ ಅಟಾಲ್‌ನ (ಅಟಾಲ್ ಅಂದರೆ ಉಂಗುರದ ಹಾಗಿರುವ ಹವಳದ ದ್ವೀಪಗಳ ಸಾಲು) ಮಾಮಿಗಿಲಿ ಹತ್ತಿರ ತಿಮಿಂಗಿಲ ಶಾರ್ಕ್ ನೋಡಿ ಬಂದರು. ನಾನು ಅವರ ವಿಡಿಯೋ ನೋಡಿದೆ.

ತಪ್ಪು ಎಲ್ಲಾಯಿತು ಅಂತ ಆಮೇಲೆ ಯೋಚಿಸಿದೆ. ಬೂಟಿಯನ್ನು ಅಂಗಡಿಯಲ್ಲಿ ಒಣಗಿದ ಕಾಲಿಗೆ, ಫಿನ್ ಇಲ್ಲದೆ, ನಿಂತುಕೊಂಡು ಹಾಕಿ ನೋಡಿದ್ದೆ. ಆರಾಮವಾಗಿತ್ತು. ಆ ಆರಾಮವೇ ಸಮಸ್ಯೆ. ನಿಯೋಪ್ರಿನ್ ನೀರಲ್ಲಿ ಸ್ವಲ್ಪ ಸಡಿಲವಾಗುತ್ತದೆ. ಆಳಕ್ಕೆ ಹೋದಂತೆ ಒತ್ತಡಕ್ಕೆ ತೆಳ್ಳಗೂ ಆಗುತ್ತದೆ. ಹತ್ತು ಮೀಟರ್ ಆಳದಲ್ಲೇ ಒತ್ತಡ ಮೇಲಿನದಕ್ಕಿಂತ ಎರಡು ಪಟ್ಟು. ಮೇಲೆ ಆರಾಮವಾಗಿದ್ದ ಬೂಟಿ ಕೆಳಗೆ ಹಿಮ್ಮಡಿಯಲ್ಲಿ ಅಲ್ಲಾಡುತ್ತದೆ. ಒಂದೊಂದು ಕಾಲೊದೆತಕ್ಕೂ ಉಜ್ಜುತ್ತದೆ. ಒಂದು ಡೈವ್‌ನಲ್ಲಿ ಎಷ್ಟು ಸಲ ಕಾಲು ಆಡಿಸುತ್ತೇವೆ, ನೀವೇ ಲೆಕ್ಕ ಹಾಕಿ.

ಎರಡನೇ ಪ್ರವಾಸಕ್ಕೆ ಮೊದಲು ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡಿದ್ದು ಇದೊಂದರ ಬಗ್ಗೆ. ಫಿನ್‌ನಲ್ಲಿ ಎರಡು ಬಗೆ. ಹಿಂದೆ ಪಟ್ಟಿ ಇರುವ ಓಪನ್ ಹೀಲ್. ಅದಕ್ಕೆ ಬೂಟಿ ಬೇಕೇ ಬೇಕು. ಇನ್ನೊಂದು ಶೂ ತರಹ ಇಡೀ ಪಾದ ಹಿಡಿಯುವ ಫುಲ್‌ಫುಟ್. ಅದನ್ನು ಬರಿಗಾಲಿಗೂ ಹಾಕಬಹುದು. ಡೈವಿಂಗ್ ಕಲಿಸುವವರಲ್ಲಿ ಜಾಸ್ತಿ ಜನ ಓಪನ್ ಹೀಲ್ ಅನ್ನೇ ಹೇಳುತ್ತಾರೆ. ತಣ್ಣನೆ ನೀರಾದರೆ, ದಡದಿಂದ ನಡೆದು ಹೋಗಿ ಇಳಿಯುವುದಾದರೆ ಅದೇ ಸರಿ. ಬಾಲಿಯ ತುಲಂಬೆನ್‌ನಲ್ಲಿ ಉರುಟು ಕಲ್ಲುಗಳ ದಂಡೆ. ಅಲ್ಲಿ ಗಟ್ಟಿ ಅಟ್ಟೆಯ ಬೂಟಿ ಇಲ್ಲದೆ ನಾಲ್ಕು ಹೆಜ್ಜೆ ಹಾಕಲೂ ಆಗದು. ಮಾಲ್ಡೀವ್ಸ್ ಲಿವ್‌ಅಬೋರ್ಡ್‌ನಲ್ಲಿ ನಡೆಯುವುದೇ ಇಲ್ಲ. ದೋಣಿಯ ಅಂಚಿಗೆ ಬಂದು ಫಿನ್ ಹಾಕಿ ಒಂದು ಹೆಜ್ಜೆ ಮುಂದಿಟ್ಟರೆ ನೀರು. ವಾಪಸ್ ಬರುವಾಗ ಏಣಿ ಹತ್ತಿರ ಫಿನ್ ಬಿಚ್ಚಿ ಮೇಲೆ ಕೊಟ್ಟರಾಯಿತು. ನೀರೂ 28–29 ಡಿಗ್ರಿ. ಕಾಲು ಬೆಚ್ಚಗಿಡುವ ಪ್ರಶ್ನೆಯೇ ಇಲ್ಲ.

ಹಾಗಾಗಿ ನಾನು ಫುಲ್‌ಫುಟ್‌ಗೆ ಬದಲಾದೆ. ಒಳಗೆ ಹಾಕಲು 2 ಮಿ.ಮೀ. ನಿಯೋಪ್ರಿನ್ ಸಾಕ್ಸ್ ತಂದೆ. ಫಿನ್ ಅಳತೆಯನ್ನು ಆ ಸಾಕ್ಸ್ ಹಾಕಿಕೊಂಡೇ ನೋಡಿದೆ. ಅದೂ ಸಂಜೆ ಹೊತ್ತು, ದಿನವಿಡೀ ಓಡಾಡಿ ಕಾಲು ಸ್ವಲ್ಪ ಊದಿಕೊಂಡಿರುವಾಗ, ಸಾಕ್ಸ್ ಒದ್ದೆ ಮಾಡಿಕೊಂಡು. ಅಂಗಡಿಯವನು ವಿಚಿತ್ರವಾಗಿ ನೋಡಿದ. ಕುರ್ಚಿಯಲ್ಲಿ ಕುಳಿತು ಫಿನ್ ಸಮೇತ ಕಾಲು ಮೇಲೆತ್ತಿ ಆಡಿಸಿದೆ. ಹಿಮ್ಮಡಿ ಜಾರಬಾರದು, ಹೆಬ್ಬೆರಳು ಮಡಚಿಕೊಳ್ಳಬಾರದು. ಪಾದದ ನಡುವೆ ಸೆಳೆತ ಬಂದರೆ ಆ ಜೋಡಿ ಬೇಡ. ನನ್ನದು ಮುಂದೆ ಅಗಲವಾದ ಪಾದ. ನಾಲ್ಕನೇ ಜೋಡಿ ಹೊಂದಿತು. ಆಮೇಲೆ ಈಜುಕೊಳದಲ್ಲಿ ನಾಲ್ಕು ವಾರ, ವಾರಕ್ಕೊಂದು ದಿನ ಅರ್ಧ ಗಂಟೆ ಹಾಕಿಕೊಂಡು ಈಜಿದೆ. ಹೊಸ ಚಪ್ಪಲಿ ಕಚ್ಚುವುದೇನಿದ್ದರೂ ಊರಲ್ಲೇ ಕಚ್ಚಿ ಮುಗಿಯಲಿ ಅಂತ.

ಫುಲ್‌ಫುಟ್‌ಗೂ ಒಂದು ಕೊರತೆ ಇದೆ. ಕಳೆದುಹೋದರೆ ನಮ್ಮ ಅಳತೆಯದ್ದು ದೋಣಿಯಲ್ಲಿ ಬಾಡಿಗೆಗೆ ಸಿಗುತ್ತೆ ಅಂತ ನಂಬುವ ಹಾಗಿಲ್ಲ. ಆದರೂ ತಕ್ಕಡಿ ನನ್ನ ಪರ ಇತ್ತು. ಹಳೆಯ ಓಪನ್ ಹೀಲ್ ಫಿನ್, ಬೂಟಿ ಸೇರಿ 3 ಕೆಜಿಗೆ ಸ್ವಲ್ಪ ಕಡಿಮೆ. ಹೊಸ ಫಿನ್, ಸಾಕ್ಸ್ ಸೇರಿ 1.7 ಕೆಜಿ.

ನನ್ನ ಟಿಕೆಟ್ಟಿಗೆ ಚೆಕ್‌ಇನ್ 20 ಕೆಜಿ, ಕ್ಯಾಬಿನ್ 7 ಕೆಜಿ ಅಂತ ಇತ್ತು. ಬಿಸಿಡಿ (ಗಾಳಿ ತುಂಬಿ ತೇಲುವುದನ್ನು ಹದ ಮಾಡುವ ಜಾಕೆಟ್), ರೆಗ್ಯುಲೇಟರ್ (ಸಿಲಿಂಡರಿನ ಗಾಳಿಯನ್ನು ಬಾಯಿಗೆ ತರುವ ಸಾಧನ), ವೆಟ್‌ಸೂಟ್ (ಮೈಗಂಟುವ ನಿಯೋಪ್ರಿನ್ ಉಡುಪು), ಫಿನ್ ಸೇರಿದರೆ ಅರ್ಧ ತೂಕ ಅಲ್ಲೇ ಮುಗಿಯಿತು. ಹತ್ತಿಯ ಪ್ಯಾಂಟು ಅಂತ ಒಯ್ದರೆ ಕೆಟ್ಟೆವು. ಆ ಉಪ್ಪುಗಾಳಿಗೆ ಅದು ಒಣಗುವುದೇ ಇಲ್ಲ. ಎರಡು ಈಜುಡುಗೆ ಸಾಲದು, ಮೂರು ಬೇಕು. ಒಂದು ಮೈಮೇಲೆ, ಒಂದು ಹಗ್ಗದ ಮೇಲೆ, ಒಂದು ಒಣಗಿದ್ದು. ಡೈವ್ ಮುಗಿಸಿ ಬಂದಾಗ ಗಾಳಿಗೆ ಚಳಿ ಹತ್ತುತ್ತದೆ, ಅದಕ್ಕೊಂದು ತೆಳು ವಿಂಡ್‌ಚೀಟರ್. ಟವೆಲ್ ದೋಣಿಯವರೇ ಕೊಡುತ್ತಾರೆ. ಆದರೂ ನಾನು ಎರಡು ಬೈರಾಸು ಒಯ್ಯುತ್ತೇನೆ. ತಲೆಗೆ ಸುತ್ತಲು, ಹೆಗಲಿಗೆ ಹೊದೆಯಲು, ಬಿಸಿಯಾದ ಡೆಕ್ ಮೇಲೆ ಹಾಸಿ ಕೂರಲು ಅದಕ್ಕಿಂತ ಒಳ್ಳೆಯ ವಸ್ತು ಇನ್ನೂ ಸಿಕ್ಕಿಲ್ಲ. ಕಾಲು ಗಂಟೆಯಲ್ಲಿ ಒಣಗುತ್ತದೆ.

ಸೂಟ್‌ಕೇಸ್ ಬೇಡ. ಕ್ಯಾಬಿನ್ ಸಣ್ಣದು, ಗಟ್ಟಿ ಪೆಟ್ಟಿಗೆ ಇಟ್ಟರೆ ಕಾಲಿಡಲು ಜಾಗ ಇರುವುದಿಲ್ಲ. ಮಡಚಿ ಮಂಚದ ಕೆಳಗೆ ತಳ್ಳುವಂಥ ಬ್ಯಾಗ್ ಬೇಕು. ಜೊತೆಗೊಂದು ಬಲೆ ಬ್ಯಾಗ್, ಡೈವಿಂಗ್ ಸಾಮಾನಿಗೆ. ಮಾಲ್ಡೀವ್ಸ್‌ನಲ್ಲಿ ಮಲಗುವ ದೊಡ್ಡ ದೋಣಿ ಬೇರೆ, ನೀರಿಗೆ ಕರೆದೊಯ್ಯುವ ಸಣ್ಣ ದೋಣಿ ಬೇರೆ. ಆ ಸಣ್ಣದನ್ನು ಅವರು ಧೋನಿ ಅನ್ನುತ್ತಾರೆ. ನಮ್ಮಲ್ಲೂ ದೋಣಿ ಅಂತಲೇ ಹೇಳುವುದು ಅಂದಾಗ ಸಿಬ್ಬಂದಿ ಹುಡುಗನಿಗೆ ಖುಷಿಯೋ ಖುಷಿ. ಆಮೇಲೆ ವಾರವಿಡೀ ನನ್ನನ್ನು ಕರೆದು ಅವರ ಮಾತಿನ ಶಬ್ದಗಳನ್ನು ಹೇಳಿಕೊಟ್ಟ. ಥಿಲ ಅಂದರೆ ನೀರೊಳಗಿನ ಗುಡ್ಡ. ಕಂಡು ಅಂದರೆ ಸಮುದ್ರದ ನೀರು ಅಟಾಲ್ ಒಳಗೆ ನುಗ್ಗುವ ಕಾಲುವೆ.

ಮೊದಲ ದಿನವೇ ಡೈವಿಂಗ್ ಸಾಮಾನೆಲ್ಲ ಆ ಧೋನಿಗೆ ಹೋಗುತ್ತದೆ. ಕೊನೆಯ ದಿನದ ತನಕ ಅಲ್ಲೇ ಇರುತ್ತದೆ. ಸಾಕ್ಸ್ ಕೂಡ ಅಲ್ಲೇ. ರಾತ್ರಿಯ ತೇವಕ್ಕೆ ಒಣಗುವುದಿಲ್ಲ. ಬೆಳಿಗ್ಗೆ ಆರಕ್ಕೆ ತಣ್ಣನೆ ಒದ್ದೆ ಸಾಕ್ಸ್ ಹಾಕುವುದು ನನಗೆ ದೊಡ್ಡ ಶಿಕ್ಷೆ. ಅದಕ್ಕೇ ಸಾಕ್ಸ್ ಎರಡು ಜೊತೆ ಒಯ್ದೆ. ಒಂದನ್ನು ಸಿಹಿನೀರಲ್ಲಿ ಹಿಂಡಿ ತಿರುವಿ ಮೇಲಿನ ಡೆಕ್ಕಿನಲ್ಲಿ ಕ್ಲಿಪ್ ಹಾಕಿ ಒಣಗಿಸುವುದು, ಇನ್ನೊಂದನ್ನು ಹಾಕುವುದು. ರಾತ್ರಿ ಬೆರಳ ಸಂದಿ ಒರೆಸಿ ಒಣಗಿಸುತ್ತಿದ್ದೆ. ಒಂದು ದಿನ ಅಭ್ಯಾಸಬಲದಿಂದ ಅಂಗಾಲಿಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಡೆಕ್ಕಿಗೆ ಬಂದೆ. ನಾನು ಜಾರಿದ್ದಲ್ಲದೆ ಹಿಂದೆ ಬಂದವರೂ ಜಾರಿದರು. ಆ ಪ್ರಯೋಗ ಮಾಡಬೇಡಿ.

ಕ್ಯಾಬಿನ್ ಬ್ಯಾಗಿನಲ್ಲಿ ಏನಿಡಬೇಕು ಅನ್ನುವುದಕ್ಕೆ ನನ್ನ ಲೆಕ್ಕ ಒಂದೇ: ಚೆಕ್‌ಇನ್ ಬ್ಯಾಗ್ ಬರದೇ ಇದ್ದರೆ? ಹೋಟೆಲ್ ಆದರೆ ಮರುದಿನ ತಂದುಕೊಡುತ್ತಾರೆ. ದೋಣಿ ನಮಗಾಗಿ ಕಾಯುವುದಿಲ್ಲ. ನಮ್ಮ ಜೊತೆಗಿದ್ದ ಒಬ್ಬನ ಬ್ಯಾಗ್ ಹಾಗೇ ತಪ್ಪಿಹೋಯಿತು. ಪಾಪ, ಬೇರೆಯವರ ಚಡ್ಡಿಯಲ್ಲಿ, ಬಾಡಿಗೆ ಸಾಮಾನಿನಲ್ಲಿ ವಾರ ಕಳೆದ. ಹಾಗಾಗಿ ಕನ್ನಡಕದ ಪವರ್ ಇರುವ ನನ್ನ ಮಾಸ್ಕ್, ಆಳ, ಸಮಯ ತೋರಿಸುವ ಡೈವ್ ಕಂಪ್ಯೂಟರ್, ರೆಗ್ಯುಲೇಟರ್, ಔಷಧಿ, ಒಂದು ಈಜುಡುಗೆ, ಆ ಎರಡು ಜೊತೆ ಸಾಕ್ಸ್ ನನ್ನ ಜೊತೆಗೇ ಬರುತ್ತವೆ. ಟಾರ್ಚಿನ ಬಿಡಿ ಲಿಥಿಯಂ ಬ್ಯಾಟರಿ, ಪವರ್ ಬ್ಯಾಂಕ್ ಹೇಗೂ ಚೆಕ್‌ಇನ್‌ನಲ್ಲಿ ಹಾಕುವಂತಿಲ್ಲ. ಅಲ್ಲಿ ಪ್ಲಗ್ ಚೌಕ ಮೂರು ಪಿನ್ನಿನದ್ದು, ನಮ್ಮ ಉರುಟು ಪಿನ್ ಹಿಡಿಸುವುದಿಲ್ಲ. ಹೊರಡುವ ಮೊದಲಿನ 96 ಗಂಟೆಯೊಳಗೆ ಇಮುಗ ಅನ್ನುವ ಮಾಲ್ಡೀವ್ಸ್ ಪ್ರಯಾಣಿಕರ ಆನ್‌ಲೈನ್ ಫಾರಂ ತುಂಬಿರಬೇಕು. ಡ್ಯೂಟಿ ಫ್ರೀ ಮದ್ಯದ ಬಾಟಲಿ ಕೊಂಡು ಹೋದರೆ ವಿಮಾನ ನಿಲ್ದಾಣದಲ್ಲೇ ಇಟ್ಟುಕೊಳ್ಳುತ್ತಾರೆ.

ಇನ್ನು ಚಪ್ಪಲಿ. ಎರಡನೇ ಸಲ ಒಂದೇ ಜೊತೆ ಒಯ್ದೆ. ಹವಾಯಿ ಚಪ್ಪಲಿ, ಕಾಲಲ್ಲೇ. ಶೂ ಮನೆಯಲ್ಲೇ ಉಳಿಯಿತು. ಆ ಒಂದು ಜೊತೆ ಚಪ್ಪಲಿಯಾದರೂ ಯಾಕೆ ಅಂದರೆ ಎರಡು ಕಾರಣ. ಒಂದು ಸಂಜೆ ಜನರಿಲ್ಲದ ದ್ವೀಪಕ್ಕೆ ಕರೆದೊಯ್ದು ಮರಳ ಮೇಲೆ ಊಟ ಹಾಕುತ್ತಾರೆ. ಮರಳು ದೂರದಿಂದ ಮೈದಾ ಹಿಟ್ಟಿನ ಹಾಗೆ ಕಾಣುತ್ತದೆ, ಒಳಗೆಲ್ಲ ಹವಳದ ಚೂರು. ಮೊದಲ ಸಲ ಬರಿಗಾಲಲ್ಲಿ ಕತ್ತಲಲ್ಲಿ ತುಳಿದು ಅಂಗಾಲು ಕೊಯ್ದುಕೊಂಡಿದ್ದೆ. ಈ ಸಲ ಬುಟ್ಟಿಯಿಂದ ಚಪ್ಪಲಿ ಕೇಳಿ ತೆಗೆಸಿಕೊಂಡೆ.

ಇನ್ನೊಂದು, ಕೊನೆಯ ದಿನ. ಹಲವು ದಿನ ಡೈವ್ ಮಾಡಿದ ಮೇಲೆ ವಿಮಾನ ಹತ್ತಲು ಕಡಿಮೆಯೆಂದರೆ 18 ಗಂಟೆ ಬಿಡಬೇಕು. ನಮ್ಮ ದೋಣಿಯವರು 24 ಅನ್ನುತ್ತಾರೆ. ಆ ಹೊತ್ತನ್ನು ರಾಜಧಾನಿ ಮಾಲೆಯಲ್ಲಿ ನಡೆದು ಕಳೆದೆವು. ಮೀನು ಮಾರುಕಟ್ಟೆ ನೋಡಿದೆವು. 1658ರಲ್ಲಿ ಹವಳದ ಕಲ್ಲಿನಲ್ಲಿ ಕಟ್ಟಿದ ಹುಕುರು ಮಿಸ್ಕಿಯ್ ಮಸೀದಿಯನ್ನು ಹೊರಗಿನಿಂದಲೇ ನೋಡಿದೆವು. ಗೋಡೆಯ ಕೆತ್ತನೆ ನೋಡುತ್ತಾ ಹಿಂದೆ ಹಿಂದೆ ಹೆಜ್ಜೆ ಇಡುವಾಗ ಎಡಗಾಲಿನ ಚಪ್ಪಲಿಯ ಉಂಗುಷ್ಟ ಕಿತ್ತುಬಂತು. ಇದ್ದದ್ದೇ ಒಂದು ಜೊತೆ. ಕಾಲ ಕೆಳಗೆ ಕಾದ ಕಲ್ಲು.

ಬೆನ್ನಿನ ಚೀಲದಲ್ಲಿ ಡೈವಿಂಗ್ ರಿಪೇರಿ ಡಬ್ಬಿ ಇತ್ತು. ರೆಗ್ಯುಲೇಟರಿನ ಮೌತ್‌ಪೀಸ್ ಬಿಗಿಯಲು ಇಟ್ಟಿದ್ದ ಕೇಬಲ್ ಟೈ ತೆಗೆದೆ. ಉಂಗುಷ್ಟವನ್ನು ತೂತಿಗೆ ತೂರಿಸಿ, ಅಟ್ಟೆಯ ಕೆಳಗೆ ಟೈ ಸುತ್ತಿ ಎಳೆದೆ. ಕಚಕ್ ಅಂತ ಕೂತಿತು. ಬೆಂಗಳೂರಿನ ತನಕ ಬಂತು. ಈಗಲೂ ಬಾಗಿಲ ಹೊರಗೆ ಇದೆ, ಹಾಲು ತರಲು ಹೋಗುವಾಗ ಅದನ್ನೇ ಹಾಕುತ್ತೇನೆ.