ಜ್ಞಾನಪೀಠದ ಇಸವಿಗಳು ಬಾಯಿಗೆ ಬಂದ ಬಗೆ: 6-4-6-7-4-4-12

ಕುವೆಂಪು, ಬೇಂದ್ರೆ, ಕಾರಂತ, ಮಾಸ್ತಿ, ಗೋಕಾಕ, ಅನಂತಮೂರ್ತಿ, ಕಾರ್ನಾಡ, ಕಂಬಾರ. ಕನ್ನಡಕ್ಕೆ ಜ್ಞಾನಪೀಠ ತಂದ ಈ ಎಂಟು ಹೆಸರು ಎಲ್ಲರಿಗೂ ಬರುತ್ತವೆ, ಪರೀಕ್ಷೆಯಲ್ಲಿ ಅಂಕ ಹೋಗುವುದು ಇಸವಿಯಲ್ಲಿ. ‘ಕು-ಬೇ-ಕಾ-ಮಾ-ಗೋ-ಅ-ಕಾ-ಕಂ’ ಎಂದು ಮೊದಲಕ್ಷರ ಜೋಡಿಸಿದರೆ ಸಾಲು ನಿಲ್ಲುತ್ತದೆ, ಇಸವಿ ನಿಲ್ಲುವುದಿಲ್ಲ. ಎರಡು ‘ಕಾ’ಗಳೂ ಅದಲುಬದಲಾಗುತ್ತವೆ. ನಾಲ್ಕು ಗೈಡ್‌ಗಳಿಗೆ ಸುಮಾರು 1,100 ರೂಪಾಯಿ ಸುರಿದೆ. ನಾಲ್ಕರಲ್ಲೂ ಅದೇ ಪಟ್ಟಿ, ಒಂದರಲ್ಲಂತೂ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯ ಕೃತಿಯನ್ನೇ ಜ್ಞಾನಪೀಠದ ಅಂಕಣಕ್ಕೆ ಸೇರಿಸಿದ್ದರು.

ಫಲ ಕೊಟ್ಟದ್ದು ಅಂತರದ ಲೆಕ್ಕ. 1967ರಿಂದ ಹೊರಟು 6, 4, 6, 7, 4, 4, 12 ಕೂಡಿಸುತ್ತ ಹೋಗಿ: 1973, 1977, 1983, 1990, 1994, 1998, 2010. ಫೋನ್ ನಂಬರಿನಂತೆ ಹೇಳಿಕೊಂಡರೆ ಸಾಕು. ‘ಇದು ಲೆಕ್ಕದ ಆಟ, ಪರೀಕ್ಷೆಯಲ್ಲಿ ಕೈಕೊಡುತ್ತದೆ’ ಎಂದವರಿದ್ದರು, ಮೊದಲು ಕೈಕೊಟ್ಟದ್ದೂ ಹೌದು. ಒಂದು ಅಂಕಿ ತಪ್ಪಿದರೆ ಮುಂದಿನದೆಲ್ಲ ಜಾರುತ್ತದೆ. ಅದಕ್ಕೆ ಗೋಕಾಕರ 1990ರಲ್ಲಿ ಎರಡನೆಯ ಗೂಟ ಹೊಡೆದೆ. ಗೂಟದವರೆಗಿನ ನಾಲ್ಕು ಅಂತರ ಸೇರಿ 23, ಆಚೆಯ ಮೂರು ಸೇರಿ 20. ಮೊತ್ತ ಹೊಂದದಿದ್ದರೆ ಯಾವ ಭಾಗದಲ್ಲಿ ತಪ್ಪಿದೆ ಎಂದು ಅಲ್ಲೇ ಗೊತ್ತಾಗುತ್ತದೆ. ಅಣಕು ಪರೀಕ್ಷೆಯಲ್ಲಿ ಇಪ್ಪತ್ತಕ್ಕೆ ಹನ್ನೊಂದು ಹನ್ನೆರಡರಲ್ಲಿ ನಿಂತಿದ್ದ ಅಂಕ ಹದಿನೆಂಟು ದಾಟಿತು. ಅನುಮಾನಿಸಿದವರೇ ಈಗ ಇದನ್ನು ಬಳಸುತ್ತಿದ್ದಾರೆ.

ಭಾರತದ ನಂಟಿನ ನೊಬೆಲ್‌ಗಳಿಗೂ ಹೀಗೇ ಅಂತರ ಹಾಕಿ ನೋಡಿದೆ. 17, 38, 11... ಅಂಕಿಗಳು ದೊಡ್ಡವು, ನಾಲಿಗೆಗೆ ಹತ್ತಲಿಲ್ಲ. ಆಮೇಲೆ ವಿಜ್ಞಾನಿಗಳನ್ನು ಸಾಹಿತಿಗಳ ಪಕ್ಕದಲ್ಲೇ ಕೂರಿಸಿದೆ. ಕುವೆಂಪು ಆದ ಮರುವರ್ಷ ಖುರಾನ, 1968. ಮಾಸ್ತಿಯವರ ವರ್ಷವೇ ಎಸ್. ಚಂದ್ರಶೇಖರ್, 1983. ಕಾರ್ನಾಡರ ವರ್ಷವೇ ಅರ್ಥಶಾಸ್ತ್ರದ ಅಮರ್ತ್ಯ ಸೇನ್, 1998. ಕಂಬಾರರಿಗಿಂತ ಒಂದು ವರ್ಷ ಮೊದಲು ವೆಂಕಟರಾಮನ್ ರಾಮಕೃಷ್ಣನ್, 2009. 1930ರ ರಾಮನ್ ಅವರನ್ನು ಮಾತ್ರ ಒಂಟಿಯಾಗಿಯೇ ಬಾಯಿಪಾಠ ಮಾಡಬೇಕು.

ಕೃತಿಗಳಿಗೆ ಚೀಟಿಯೇ ಸರಿ. ಎಡಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ, ಬಲಕ್ಕೆ ಜ್ಞಾನಪೀಠ. ಬೇಂದ್ರೆ: ‘ಅರಳು ಮರಳು’, ‘ನಾಕುತಂತಿ’. ಕಾರಂತ: ‘ಯಕ್ಷಗಾನ ಬಯಲಾಟ’, ‘ಮೂಕಜ್ಜಿಯ ಕನಸುಗಳು’. ಕುವೆಂಪು ಚೀಟಿಯಲ್ಲಿ ಎರಡೂ ಕಡೆ ‘ಶ್ರೀ ರಾಮಾಯಣ ದರ್ಶನಂ’. ಬೇರೆ ಹೆಸರು ಇರಲೇಬೇಕು ಎಂದು ಹುಡುಕಿದವರೇ ಇಲ್ಲಿ ಬೀಳುತ್ತಾರೆ. ಚೀಟಿಯ ಹಿಂಬದಿಗೆ ಆ ವರ್ಷದ ಜ್ಞಾನಪೀಠ ಹಂಚಿಕೊಂಡವರು: 1967ಕ್ಕೆ ಗುಜರಾತಿಯ ಉಮಾಶಂಕರ ಜೋಶಿ, 1973ಕ್ಕೆ ಒಡಿಯಾದ ಗೋಪೀನಾಥ ಮೊಹಾಂತಿ.

ಘೋಷಣೆಯ ವರ್ಷವನ್ನು ಪ್ರಶಸ್ತಿಯ ವರ್ಷದೊಂದಿಗೆ ಬೆರೆಸಬೇಡಿ. ಕಂಬಾರರದು 2010ರ ಪ್ರಶಸ್ತಿ, ಘೋಷಣೆ ಆದದ್ದು 2011ರಲ್ಲಿ. ಐನ್‌ಸ್ಟೈನ್‌ಗೂ 1921ರ ನೊಬೆಲ್ ಸಿಕ್ಕದ್ದು 1922ರಲ್ಲಿ, ಅದೂ ಸಾಪೇಕ್ಷತೆಗಲ್ಲ, ದ್ಯುತಿವಿದ್ಯುತ್ ಪರಿಣಾಮಕ್ಕೆ.

ಅಕಾಡೆಮಿಯ ಉದ್ದ ಪಟ್ಟಿಗೆ ಬೇರೆಯೇ ಒಂದು ಕಟ್ಟು ಮಾಡಿಕೊಂಡಿದ್ದೇನೆ. ಮುಂದಿನ ಪರೀಕ್ಷೆ ಮುಗಿಯುವವರೆಗೆ ಅದು ನನ್ನ ಬಳಿಯೇ ಇರಲಿ. ಬಾನು ಮುಷ್ತಾಕ್ ಅವರ 2025ರ ಅಂತರರಾಷ್ಟ್ರೀಯ ಬೂಕರ್ ಅನ್ನು ಮಾತ್ರ ಬೇರೆ ಬಣ್ಣದ ಚೀಟಿಯಲ್ಲಿ ಬರೆಯಿರಿ, ಅನುವಾದಕಿ ದೀಪಾ ಭಾಸ್ತಿ ಅವರ ಹೆಸರೂ ಅದರಲ್ಲೇ ಇರಲಿ.