ಪಾಠ ಮಾಡುತ್ತಲೇ ಶಾಲಾ ನಾಯಕತ್ವದ ಸ್ನಾತಕೋತ್ತರ ಓದು: ನನ್ನ ಅನುಭವ

ವರ್ಷಗಟ್ಟಲೆ ಪಾಠ ಮಾಡಿದವರು ಈ ಕೋರ್ಸಿಗೆ ಸೇರಿದಾಗ ಪ್ರತಿ ಅಸೈನ್‌ಮೆಂಟಿಗೂ ಹೊಸ ವಿಷಯ ಹುಡುಕಲು ಹೊರಡುತ್ತಾರೆ. ಎರಡನೇ ಸೆಮಿಸ್ಟರಿನ ಹೊತ್ತಿಗೆ ಸುಸ್ತು ಹೊಡೆಯುವುದು ಇದರಿಂದಲೇ. ನಾನು ಇಡೀ ಓದಿಗೆ ಒಂದೇ ಸಮಸ್ಯೆ ಇಟ್ಟುಕೊಂಡೆ: ಗಣಿತದ ತರಗತಿಗಳಲ್ಲಿ ಬಾಯಿ ಬಿಡುವುದು ಯಾವಾಗಲೂ ಅದೇ ನಾಲ್ಕೈದು ಮಕ್ಕಳು, ಏಕೆ? ಸಿದ್ಧಾಂತದ ಪ್ರಬಂಧ, ವೇಳಾಪಟ್ಟಿ, ಬಜೆಟ್, ಕ್ರಿಯಾ ಸಂಶೋಧನೆ (ತನ್ನದೇ ಶಾಲೆಯಲ್ಲಿ ಒಂದು ಬದಲಾವಣೆ ಮಾಡಿ ಅದರ ಫಲ ಅಳೆಯುವುದು) ಎಲ್ಲಕ್ಕೂ ಅದೇ ಎಳೆ.

ಸಿದ್ಧಾಂತದಲ್ಲಿ ಮುಳುಗಿ ಕೂರುವ ಅಗತ್ಯ ಕಾಣಲಿಲ್ಲ. ಬೋಧನಾ ನಾಯಕತ್ವ (ಪಾಠ, ಕಲಿಕೆಯ ಮೇಲೆ ಗಮನ), ಪರಿವರ್ತನಾ ನಾಯಕತ್ವ (ಗುರಿ ತೋರಿಸಿ ಹುರಿದುಂಬಿಸುವುದು), ಹಂಚಿಕೆಯ ನಾಯಕತ್ವ (ಹೊಣೆಯನ್ನು ಹಲವರಿಗೆ ಹಂಚುವುದು) ಇವುಗಳ ವ್ಯತ್ಯಾಸ ತಲೆಗೆ ಹತ್ತಿದರೆ ಸಾಕು. ಶಿಕ್ಷಣ ಸಂಶೋಧಕಿ ವಿವಿಯನ್ ರಾಬಿನ್ಸನ್ ಮತ್ತು ಸಂಗಡಿಗರು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ಮಾಡಿದ 2008ರ ವಿಶ್ಲೇಷಣೆಯನ್ನು ಮಾತ್ರ ಕೋಷ್ಟಕಗಳ ಸಮೇತ ಓದಬೇಕು. ಅವರು ನೋಡಿದ ಶಾಲಾ ನಾಯಕತ್ವದ ಐದು ಆಯಾಮಗಳಲ್ಲಿ ಮಕ್ಕಳ ಕಲಿಕೆಯ ಮೇಲೆ ಅತಿ ಹೆಚ್ಚು ಪರಿಣಾಮ (0 ಎಂದರೆ ಪರಿಣಾಮವಿಲ್ಲ ಎಂಬ ಅಳತೆಯಲ್ಲಿ 0.84) ಕಂಡದ್ದು ಶಾಲೆಯ ನಾಯಕ ಶಿಕ್ಷಕರ ಕಲಿಕೆಗೆ ಒತ್ತಾಸೆಯಾಗಿ ನಿಂತು ಅದರಲ್ಲಿ ತಾನೂ ಪಾಲ್ಗೊಳ್ಳುವುದಕ್ಕೆ. ಕೆಲವೇ ಅಧ್ಯಯನಗಳ ಮೇಲೆ ನಿಂತ ಸಂಖ್ಯೆ ಅದು, ನಿಜ. ಆದರೂ ಆ ‘ತಾನೂ’ ಎಂಬುದನ್ನು ಗಮನಿಸಿ. ಕಾರ್ಯಾಗಾರ ಉದ್ಘಾಟಿಸಿ ಎದ್ದು ಹೋಗುವ ಮುಖ್ಯಸ್ಥರಿಗೆ ಅದು ಅನ್ವಯಿಸುವುದಿಲ್ಲ.

ಹೆಚ್ಚು ಬೆವರು ಹರಿಸಬೇಕಾದದ್ದು ತರಗತಿ ವೀಕ್ಷಣೆಗೆ. ಒಳ್ಳೆಯ ಶಿಕ್ಷಕರು ಇಲ್ಲೇ ಎಡವುತ್ತಾರೆ, ಏಕೆಂದರೆ ಹಿಂದಿನ ಬೆಂಚಿನಲ್ಲಿ ಕೂತ ಕ್ಷಣದಿಂದ ಮನಸ್ಸಿನೊಳಗೆ ತಾವೇ ಪಾಠ ಮಾಡತೊಡಗುತ್ತಾರೆ. ನಾನು ಬಳಸಿದ ಹಾಳೆಯಲ್ಲಿ ಮೂರು ಕಂಬಸಾಲು: ಸಮಯ, ಶಿಕ್ಷಕರು ಆಡಿದ್ದು, ಮಕ್ಕಳು ಆಡಿದ್ದು ಅಥವಾ ಮಾಡಿದ್ದು. ‘ಮಕ್ಕಳು ಆಸಕ್ತಿಯಿಂದಿದ್ದರು’ ಎಂದು ಬರೆಯುವಂತಿಲ್ಲ, ಅದು ತೀರ್ಪು. ‘10:12. ಪ್ರಶ್ನೆ: ಛೇದ ಏಕೆ ಒಂದೇ ಆಗಬೇಕು? ಎರಡು ಕೈ ಮೇಲೆ. 1 ಸೆಕೆಂಡಿನಲ್ಲಿ ಶಿಕ್ಷಕರೇ ಉತ್ತರ ಹೇಳಿದರು’ ಎಂಬುದು ದಾಖಲೆ. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಸಾಮಾನ್ಯವಾಗಿ ಕಾಯುವುದು ಸುಮಾರು 1 ಸೆಕೆಂಡು ಮಾತ್ರ, 3 ಸೆಕೆಂಡು ಕಾದರೆ ಮಕ್ಕಳ ಉತ್ತರ ಉದ್ದವಾಗುತ್ತದೆ ಎಂದು ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲೇ ತೋರಿಸಿದ್ದರು. ಸೆಕೆಂಡು ಎಣಿಸುವ ಅಭ್ಯಾಸ ಅಲ್ಲಿಂದ ಬಂದದ್ದು.

ನಂತರದ ಮಾತುಕತೆ 48 ಗಂಟೆಯೊಳಗೆ, 20 ನಿಮಿಷ, ಒಂದೇ ಅಂಶ. ಹಾಳೆಯನ್ನು ಶಿಕ್ಷಕರ ಕೈಗೆ ಕೊಟ್ಟು ‘ಇದರಲ್ಲಿ ನಿಮಗೇನು ಕಾಣುತ್ತದೆ?’ ಎಂದು ಕೇಳಿ ಸುಮ್ಮನಾಗಬೇಕು. ಐದು ಸಲಹೆ ಕೊಟ್ಟರೆ ಒಂದೂ ಜಾರಿಗೆ ಬರುವುದಿಲ್ಲ. ಇದೇ ಹಾಳೆಯನ್ನು ವಾರ್ಷಿಕ ಮೌಲ್ಯಮಾಪನದ ಫೈಲಿಗೆ ಸೇರಿಸಿದರಂತೂ ಮುಗಿಯಿತು, ಮುಂದಿನ ಸಲ ನಿಮಗೆ ಕಾಣುವುದು ಪಾಠವಲ್ಲ, ನಾಟಕ.

ವೇಳಾಪಟ್ಟಿಯನ್ನು ಗುಮಾಸ್ತಿಕೆ ಎಂದು ಹಗುರವಾಗಿ ಕಾಣುವವರಿದ್ದಾರೆ. ಐವರು ಗಣಿತ ಶಿಕ್ಷಕರು ವಾರಕ್ಕೊಮ್ಮೆ ಒಟ್ಟಿಗೆ ಕೂರಬೇಕೆಂದರೆ ಆ ಪೀರಿಯಡ್ಡನ್ನು ಖಾಲಿ ಹಾಳೆಯ ಮೇಲೆ ಮೊದಲೇ ಮೀಸಲಿಡಬೇಕು. ಆಗ ಅವರ ಐದು ತರಗತಿಗಳಿಗೆ ಆಟ, ಗ್ರಂಥಾಲಯ, ಚಿತ್ರಕಲೆ ಅಥವಾ ಬೇರೆ ವಿಷಯ ಬರಬೇಕು. ಮೈದಾನ ಒಂದೇ ಇದ್ದರೆ ಐದನ್ನೂ ಅಲ್ಲಿಗೆ ಅಟ್ಟಲಾಗದು. ನಂತರ ಪ್ರಯೋಗಾಲಯದ ಜೋಡಿ ಪೀರಿಯಡ್, ಅರೆಕಾಲಿಕ ಶಿಕ್ಷಕರ ದಿನಗಳು, ಕೊನೆಗೆ ಬಿಡಿ ಪೀರಿಯಡ್‌ಗಳು. ಕ್ರಮ ತಿರುಗುಮುರುಗಾದರೆ ಆ ಸಾಮಾನ್ಯ ಪೀರಿಯಡ್ಡಿಗೆ ಜಾಗವೇ ಉಳಿಯದು, ಸಭೆ ಶಾಲೆ ಬಿಟ್ಟ ಮೇಲೆ ಹೋಗುತ್ತದೆ, ತಿಂಗಳೊಳಗೆ ನಿಂತೂ ಹೋಗುತ್ತದೆ.

ಕ್ರಿಯಾ ಸಂಶೋಧನೆಗೆ ‘ಮಕ್ಕಳ ಭಾಗವಹಿಸುವಿಕೆ ಹೆಚ್ಚಿಸುವುದು’ ಎಂದು ವಿಷಯ ಕೊಟ್ಟರೆ ಮಾರ್ಗದರ್ಶಕರು ವಾಪಸ್ ಕಳಿಸುತ್ತಾರೆ, ಕಳಿಸಲೇಬೇಕು. ‘ಪ್ರಶ್ನೆಯ ನಂತರ 3 ಸೆಕೆಂಡು ಕಾಯುವುದರಿಂದ ಏಳನೇ ತರಗತಿಯ ಎರಡು ವಿಭಾಗಗಳಲ್ಲಿ ಉತ್ತರಿಸುವ ಮಕ್ಕಳ ಸಂಖ್ಯೆ 8 ವಾರಗಳಲ್ಲಿ ಬದಲಾಗುತ್ತದೆಯೇ?’ ಇಷ್ಟಕ್ಕೆ ಇಳಿಸಬೇಕು. ಬದಲಾವಣೆ ಶುರುವಾಗುವ ಮುನ್ನ ಎರಡು ವಾರ ಬರೀ ಎಣಿಕೆ ಮಾಡಬೇಕು. ಇದನ್ನು ಬಿಟ್ಟವರಿಗೆ ಕೊನೆಯಲ್ಲಿ ಹೋಲಿಸಲು ಏನೂ ಇರುವುದಿಲ್ಲ. ನೈತಿಕ ಅನುಮತಿ, ಪಾಲಕರ ಒಪ್ಪಿಗೆ ಪತ್ರಗಳ ಕೆಲಸ ಅದಕ್ಕೂ ಮೊದಲೇ ಹಿಡಿಯಬೇಕು. ಎಂಟನೇ ವಾರ ಪರೀಕ್ಷೆಯ ಮೇಲೆ ಬೀಳದಂತೆ ಕ್ಯಾಲೆಂಡರ್ ನೋಡಿಕೊಳ್ಳಿ. ಶೇಕಡಾವಾರು ಲೆಕ್ಕದಲ್ಲೂ ಎಚ್ಚರ: 25 ಮಕ್ಕಳ ತರಗತಿಯಲ್ಲಿ ಒಬ್ಬ ಮಗು ಅಂದರೆ ಶೇ. 4. ‘ಶೇ. 8ರಷ್ಟು ಏರಿಕೆ’ ಎಂದು ಬರೆದದ್ದು ಇಬ್ಬರು ಮಕ್ಕಳ ಕಥೆ. ಸರಾಸರಿಯ ಬದಲು ಪ್ರತಿ ಮಗುವಿಗೊಂದು ಸಾಲು ಎಳೆದರೆ ಯಾರು ಈಗಲೂ ಮೌನವಾಗಿದ್ದಾರೆ ಎಂಬುದು ಎದ್ದು ಕಾಣುತ್ತದೆ.

ಸಹೋದ್ಯೋಗಿಗಳ ಪ್ರಶ್ನಾವಳಿಯನ್ನು ನಾನೇ ಹಂಚಿ ನಾನೇ ಸಂಗ್ರಹಿಸಿದ್ದು ತಪ್ಪು. ನಾಳೆ ಮೇಲಧಿಕಾರಿಯಾಗಬಹುದಾದವರಿಗೆ ಯಾರೂ ಕಹಿ ಉತ್ತರ ಬರೆಯುವುದಿಲ್ಲ. ಹೆಸರಿಲ್ಲದ ಹಾಳೆ, ಮೂರನೆಯವರ ಕೈಯಲ್ಲಿ ಡಬ್ಬಿ, ಇದೇ ಸರಿ.

ಶಾಲೆಯಲ್ಲಿ ಮುಖ್ಯಸ್ಥರ ಕೆಲಸ ಮಾಡಿ ಕಲಿಯುವ ಪ್ರಾಯೋಗಿಕ ಅವಧಿಗೆ ಮುಂಚೆ ಮಾರ್ಗದರ್ಶಿ ಮುಖ್ಯಶಿಕ್ಷಕರೊಂದಿಗೆ ಒಂದು ಪುಟದ ಒಪ್ಪಂದ ಬರೆದುಕೊಳ್ಳಿ: ಯಾವ ಸಭೆ ನಿಮ್ಮದು, ಯಾವ ನಿರ್ಧಾರ ನಿಮ್ಮದು, ಯಾವುದನ್ನು ನೋಡಿ ಕಲಿಯುವುದು ಮಾತ್ರ. ಇದಿಲ್ಲದಿದ್ದರೆ ಗಂಟೆಗಳೆಲ್ಲ ರಜೆ ಹಾಕಿದವರ ತರಗತಿ ಹಂಚುವುದರಲ್ಲೇ ಕಳೆಯುತ್ತವೆ. ಡೈರಿಯನ್ನು ಅಂದಂದೇ ಬರೆಯಿರಿ. ಸಹಿ ಪ್ರತಿ ವಾರ ಪಡೆಯಿರಿ, ಏಕೆಂದರೆ ಸೆಮಿಸ್ಟರಿನ ಕೊನೆಗೆ ಒಂದೇ ಸಲ ಒಯ್ದ ಡೈರಿಗೆ ಸಹಿ ಹಾಕಲು ಯಾವ ಮುಖ್ಯಶಿಕ್ಷಕರಾದರೂ ಹಿಂದೆಮುಂದೆ ನೋಡುತ್ತಾರೆ.