ಎರಡಕ್ಕೆ, ನಾಲ್ಕಕ್ಕೆ ಚಪ್ಪಾಳೆ: ಡೆಟ್ರಾಯಿಟ್‌ಗೆ ಹೊಸದಾಗಿ ಬಂದವರಿಗೆ

ಡೆಟ್ರಾಯಿಟ್ ಸುತ್ತಲಿನ ಟ್ರಾಯ್‌ಗೋ ಕ್ಯಾಂಟನ್‌ಗೋ ಹೊಸದಾಗಿ ಬಂದಿದ್ದೀರಿ. ಮನೆಯಲ್ಲಿ ಯಾರಿಗೋ ಒಬ್ಬರಿಗೆ ಕಾರು ಕಂಪನಿಯಲ್ಲಿ ಕೆಲಸ. ದಿನಸಿ ಎಲ್ಲಿ ಸಿಗುತ್ತದೆ, ದೇವಸ್ಥಾನ ಎಲ್ಲಿದೆ, ಪಂಪ ಕನ್ನಡ ಕೂಟಕ್ಕೆ ಸೇರುವುದು ಹೇಗೆ, ಇದನ್ನೆಲ್ಲ ಹೇಳಿಕೊಡಲು ಬೇಕಾದಷ್ಟು ಜನ ಇದ್ದಾರೆ. ನನಗೆ ಯಾರೂ ಹೇಳದೇ ಇದ್ದ ಒಂದು ವಿಷಯ ನಾನು ಹೇಳುತ್ತೇನೆ. ಈ ಬೇಸಿಗೆ ಮುಗಿಯುವುದರೊಳಗೆ ಒಂದು ಸಂಜೆ ಡೆಟ್ರಾಯಿಟ್ ಊರೊಳಗೆ ಹೋಗಿ ಸೋಲ್ (soul) ಸಂಗೀತ, ಅಂದರೆ ಇಲ್ಲಿನ ಕಪ್ಪು ಜನರ ಚರ್ಚಿನ ಹಾಡಿನಿಂದ ಹುಟ್ಟಿದ ಸಂಗೀತ, ಕೇಳಿ ಬನ್ನಿ. ಫೋನಿನಲ್ಲಲ್ಲ, ಎದುರಿಗೆ ಕೂತು.

ನಾನು ಹೋಗಿದ್ದು ಇಲ್ಲಿಗೆ ಬಂದು ಹತ್ತು ವರ್ಷ ಆದ ಮೇಲೆ. ಅದೇ ನನ್ನ ಮೊದಲ ತಪ್ಪು, ಎಲ್ಲಕ್ಕಿಂತ ದೊಡ್ಡದೂ ಅದೇ. 2009ರಲ್ಲಿ ಬಂದಿಳಿದ ವಾರವೇ ನಮ್ಮವರೊಬ್ಬರು ಊಟಕ್ಕೆ ಕರೆದಿದ್ದರು. ಮಜ್ಜಿಗೆಹುಳಿ ಬಡಿಸುತ್ತಾ, ‘ಏಯ್ಟ್ ಮೈಲ್ ರೋಡ್ ಮಾತ್ರ ದಾಟಬೇಡಿ’ ಅಂದರು. ಡೆಟ್ರಾಯಿಟ್ ಊರಿನ ಗಡಿ ಅದು. ಈಚೆ ನಾವು, ಆಚೆ ಅವರು, ಕಪ್ಪು ಜನ. ನಾವು ದಾಟಲಿಲ್ಲ. ಹೇಳಿದವರೂ ದಾಟಿರಲಿಲ್ಲ ಅಂತ ಆಮೇಲೆ ಗೊತ್ತಾಯಿತು. ಅವರಿಗೂ ಯಾರೋ ಊಟಕ್ಕೆ ಕರೆದೇ ಹೇಳಿದ್ದರಂತೆ. ಶಿಕಾಗೋ ನೋಡಿದೆವು, ನಯಾಗರಕ್ಕೆ ಮೂರು ಸಲ ಹೋದೆವು. ಅರ್ಧ ಗಂಟೆ ದೂರದ ಊರು ನೋಡಲಿಲ್ಲ. ತಿಪಟೂರಿಗೆ ಹೋದಾಗ ಮಾತ್ರ ಕೇಳಿದವರಿಗೆಲ್ಲ ‘ನಾವು ಡೆಟ್ರಾಯಿಟ್‌ನಲ್ಲಿದ್ದೇವೆ’ ಅಂತ ಹೇಳಿಕೊಂಡು ತಿರುಗುತ್ತಿದ್ದೆವು. ಈಗ ನೆನೆಸಿಕೊಂಡರೆ ನಾಚಿಕೆಗಿಂತ ಸಿಟ್ಟೇ ಜಾಸ್ತಿ ಬರುತ್ತದೆ.

1950ರಲ್ಲಿ ಈ ಊರಲ್ಲಿ ಹದಿನೆಂಟು ಲಕ್ಷಕ್ಕೂ ಜಾಸ್ತಿ ಜನ ಇದ್ದರು. 2020ರ ಹೊತ್ತಿಗೆ ಆರೂವರೆ ಲಕ್ಷವೂ ಇಲ್ಲ. ಹಳೇ ತಲೆಮಾರಿನ ಕಪ್ಪು ಜನ ದಕ್ಷಿಣದ ಹತ್ತಿ ಹೊಲಗಳನ್ನು ಬಿಟ್ಟು ಇಲ್ಲಿಗೆ ಬಂದಿದ್ದು ಕಾರಿನ ಫ್ಯಾಕ್ಟರಿ ಕೆಲಸಕ್ಕೆ. ನಾವೂ ಕಾರನ್ನೇ ನಂಬಿ ಬಂದವರು, ಅಲ್ವಾ? ಅವರ ಜೊತೆ ಚರ್ಚಿನ ಹಾಡೂ ಬಂತು. ಬೆರ್ರಿ ಗಾರ್ಡಿ ಇಲ್ಲಿನ ಲಿಂಕನ್-ಮರ್ಕ್ಯುರಿ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಮನುಷ್ಯ. 1959ರಲ್ಲಿ ಮನೆಯವರ ಹತ್ತಿರ 800 ಡಾಲರ್ ಸಾಲ ತೆಗೆದುಕೊಂಡು ಹಾಡಿನ ರೆಕಾರ್ಡ್ ಕಂಪನಿ ಶುರು ಮಾಡಿದರು. ಅದೇ ಮೋಟೌನ್. ಸ್ಟೀವಿ ವಂಡರ್, ಮಾರ್ವಿನ್ ಗೇ, ಸ್ಮೋಕಿ ರಾಬಿನ್ಸನ್ ಎಲ್ಲ ಹಾಡಿದ್ದು ವೆಸ್ಟ್ ಗ್ರ್ಯಾಂಡ್ ಬೊಲೆವಾರ್ಡ್‌ನ ಒಂದು ಸಾಧಾರಣ ಮನೆಯಲ್ಲಿ. 1972ರಲ್ಲಿ ಕಂಪನಿ ಲಾಸ್ ಏಂಜಲೀಸ್‌ಗೆ ಹೊರಟುಹೋಯಿತು. ಮನೆ ಇಲ್ಲೇ ಉಳಿಯಿತು, ಈಗ ಮ್ಯೂಸಿಯಂ. ಸಂಗೀತ ಕಚೇರಿಗೆ ಹೋಗುವ ಮುಂಚೆ ಒಂದು ಸಲ ನೋಡಿಕೊಂಡು ಬನ್ನಿ.

ಕಚೇರಿಗೆ ನಾನು ಹೇಳುವ ಜಾಗ ನದಿ ದಂಡೆಯ ಅರೀಥಾ ಫ್ರಾಂಕ್ಲಿನ್ ಆಂಫಿಥಿಯೇಟರ್. ಮೊದಲು ಶೇನ್ ಪಾರ್ಕ್ ಅಂತ ಇತ್ತು. ಈ ಊರಲ್ಲೇ ಬೆಳೆದ ಸೋಲ್ ಗಾಯಕಿ ಅರೀಥಾ 2018ರಲ್ಲಿ ತೀರಿಕೊಂಡ ಮೇಲೆ ಅವರ ಹೆಸರಿಟ್ಟರು. ಮೇಲೆ ಬಿಳಿ ಡೇರೆಯಂಥ ಚಾವಣಿ, ಹಿಂದುಗಡೆ ಹುಲ್ಲು, ವೇದಿಕೆಯ ಬೆನ್ನಿಗೆ ನದಿ, ಆಚೆ ದಡದಲ್ಲಿ ಕೆನಡಾ. ದೋಣಿ ಇರುವವರು ನದಿಯಲ್ಲೇ ನಿಲ್ಲಿಸಿಕೊಂಡು ಬಿಟ್ಟಿ ಕೇಳುತ್ತಾರೆ. ಊರ ಜಾತ್ರೆಯಲ್ಲಿ ಕಾಂಪೌಂಡ್ ಮೇಲೆ ಕೂತು ನಾಟಕ ನೋಡುವವರ ಹಾಗೆ.

ಟಿಕೆಟ್ ಫೋನಿನಲ್ಲಿರಲಿ, ಐಡಿ ಜೇಬಿನಲ್ಲಿರಲಿ, ಪಾರ್ಕಿಂಗ್ ಮೊದಲೇ ಬುಕ್ ಮಾಡಿ, ಬ್ಯಾಗಿನ ನಿಯಮ ಓದಿಕೊಳ್ಳಿ. ಅಷ್ಟೇ.

ಬ್ಯಾಗಿನ ನಿಯಮ ನಾನು ಓದಿರಲಿಲ್ಲ. ಸ್ಟೀಲ್ ಡಬ್ಬಿಯಲ್ಲಿ ಪುಳಿಯೋಗರೆ ಕಟ್ಟಿಕೊಂಡು ಹೋಗಿದ್ದೆ. ಗೇಟಿನಿಂದ ವಾಪಸ್ ಕಾರಿಗೆ. ಅದಕ್ಕೂ ಮುಂಚೆ ಇನ್ನೊಂದು ಎಡವಟ್ಟಾಗಿತ್ತು. ಹೈವೇ ಮುಗಿದು ಜೆಫರ್ಸನ್ ಅವೆನ್ಯೂ ಸಿಕ್ಕಿದಾಗ ಎಡಕ್ಕೆ ಹೋಗಬೇಕು. ನಮ್ಮ ಯಜಮಾನರು ಬಲಕ್ಕೆ ತಿರುಗಿಸಿದರು. ಮುಂದಿನ ಲೇನ್ ಹೋಗುವುದು ಸೀದಾ ನದಿ ಕೆಳಗಿನ ಟನಲ್‌ಗೆ, ಅಲ್ಲಿಂದ ಕೆನಡಾಕ್ಕೆ. ನಾವಿನ್ನೂ ಎಚ್‌ಒನ್ ಅನ್ನುವ ಕೆಲಸದ ವೀಸಾದಲ್ಲಿದ್ದೆವು, ಪಾಸ್‌ಪೋರ್ಟ್ ಮನೆಯ ಬೀರುವಿನಲ್ಲಿ. ಹಿಂದಿನವರ ಹಾರ್ನ್ ಕೇಳಿಸಿಕೊಳ್ಳುತ್ತಾ ಹೇಗೋ ಲೇನ್ ಬದಲಾಯಿಸಿದೆವು. ಆ ಹತ್ತು ಸೆಕೆಂಡಿನಲ್ಲಿ ನಾನು ಹೊತ್ತ ಹರಕೆ ಇನ್ನೂ ಬಾಕಿ ಇದೆ.

ಅಂದಹಾಗೆ, ಟ್ರಾಯ್ ಕಡೆಯಿಂದ ಬರುವಾಗ ಕೊನೆಗೆ ಸಿಗುವ ಆ ಹೈವೇ ಇದೆಯಲ್ಲ, ಅದರ ಜಾಗದಲ್ಲಿ ಮೊದಲು ಹೇಸ್ಟಿಂಗ್ಸ್ ಸ್ಟ್ರೀಟ್ ಇತ್ತು. ಕಪ್ಪು ಜನರ ಅಂಗಡಿ, ಕ್ಲಬ್ಬು, ಚರ್ಚು ಎಲ್ಲ ಇದ್ದ ಬೀದಿ. ಅರೀಥಾ ಅವರ ತಂದೆ ಪಾದ್ರಿಯಾಗಿದ್ದ ಚರ್ಚೂ ಅಲ್ಲೇ ಇತ್ತು. ರಸ್ತೆಗಾಗಿ ಎಲ್ಲ ಕೆಡವಿದರು. ಹಾಡು ಹುಟ್ಟಿದ ಬೀದಿಯ ಮೇಲೇ ಕಾರು ಓಡಿಸಿಕೊಂಡು ಹಾಡು ಕೇಳಲು ಹೋಗುತ್ತೇವೆ. ನನಗೂ ಇದು ಬಹಳ ದಿನ ಗೊತ್ತಿರಲಿಲ್ಲ.

ಬಟ್ಟೆ ವಿಷಯ. ‘ಹೊರಗಡೆ ಪ್ರೋಗ್ರಾಂ ತಾನೇ’ ಅಂತ ಟೀ ಶರ್ಟು, ವಾಕಿಂಗ್ ಶೂ ಹಾಕಿಕೊಂಡು ಹೋದೆ. ಅಲ್ಲಿ ನೋಡಿದರೆ ಎಪ್ಪತ್ತು ದಾಟಿದ ಗಂಡಹೆಂಡಿರು ಒಂದೇ ಬಣ್ಣದ ಉಡುಪಿನಲ್ಲಿ. ಗಂಡಸರಿಗೆ ಇಸ್ತ್ರಿ ಮಾಡಿದ ಬಿಳಿ ಲಿನನ್ ಸೂಟು, ಟೋಪಿ. ಹೆಂಗಸರ ಉಗುರಿನಿಂದ ಚಪ್ಪಲಿವರೆಗೆ ಎಲ್ಲ ಮ್ಯಾಚಿಂಗ್. ಮದುವೆಮನೆಗೆ ನೈಟಿಯಲ್ಲಿ ಹೋದ ಹಾಗಾಯಿತು ನನಗೆ. ರೇಷ್ಮೆ ಉಡಬೇಕಿಲ್ಲ, ಆದರೆ ಬೀರು ತೆಗೆದು ಒಂದು ನಿಮಿಷ ಯೋಚನೆ ಮಾಡಿ. ಟೈಮೂ ಅಷ್ಟೇ. ನಮ್ಮ ಕೂಟದ ಟೈಮಿನ ಲೆಕ್ಕದಲ್ಲಿ ಹೋದರೆ ಇಡೀ ಸಾಲಿನವರ ಮೊಣಕಾಲು ದಾಟಿಕೊಂಡು ಕೂರಬೇಕಾಗುತ್ತದೆ.

ಇನ್ನು ಮುಖ್ಯ ವಿಷಯ, ಚಪ್ಪಾಳೆ.

ಮೊದಲ ಅರ್ಧ ಗಂಟೆ ನಾನು ಕೈಕಟ್ಟಿ ಕೂತಿದ್ದೆ. ರಾಮನವಮಿ ಕಚೇರಿಗೆ ಬಂದು ಪಕ್ಕದವರು ಮಾತಾಡಿದರೆ ಗುರಾಯಿಸುವ ಜಾತಿ ನಮ್ಮದು. ಇಲ್ಲಿ ಎಲ್ಲರೂ ಮಾತಾಡುತ್ತಾರೆ, ಅದೂ ವೇದಿಕೆಯ ಜೊತೆ. ಗಾಯಕಿ ಒಂದು ಸಾಲು ಹಾಡಿದರೆ ಹಿಂದಿನಿಂದ ‘ಟೇಕ್ ಯುವರ್ ಟೈಮ್!’ ಅಂತ ಕೂಗು. ಅವಸರ ಬೇಡ ತಾಯಿ, ನಿಧಾನಕ್ಕೇ ಹೇಳು ಅಂತ. ಒಂದು ಹಾಡಿನ ನಡುವೆ ಆಕೆ ಬ್ಯಾಂಡ್ ನಿಲ್ಲಿಸಿ ಬರೀ ಆರ್ಗನ್ ಇಟ್ಟುಕೊಂಡರು. ಒಂದೇ ಸಾಲನ್ನು ಹಿಡಿದು ಹಿಗ್ಗಿಸಿ, ಮುರಿದು, ತಿರುಗಿಸಿ ಹಾಡಿದರು. ನಮ್ಮಲ್ಲಿ ನೆರವಲ್ ಮಾಡುತ್ತಾರಲ್ಲ, ಥೇಟ್ ಹಾಗೆ. ನನಗೆ ಗೊತ್ತಿಲ್ಲದ ಹಾಗೆ ಬಾಯಿಂದ ‘ಆಹಾ’ ಬಂತು. ಯಾರೂ ಗುರಾಯಿಸಲಿಲ್ಲ.

ಧೈರ್ಯ ಬಂದು ಚಪ್ಪಾಳೆ ಶುರು ಮಾಡಿದೆ. ಚಿಕ್ಕಂದಿನಲ್ಲಿ ಆದಿತಾಳ ಕಲಿತ ಕೈ. ನಾಲ್ಕರ ಎಣಿಕೆಯಲ್ಲಿ ಒಂದಕ್ಕೆ ಬಿತ್ತು, ಮೂರಕ್ಕೆ ಬಿತ್ತು. ಸುತ್ತ ಆರು ಸಾವಿರ ಜನರ ಚಪ್ಪಾಳೆ ಎರಡಕ್ಕೆ, ನಾಲ್ಕಕ್ಕೆ. ಅವರು ಮುಗಿಸಿದ ಕೂಡಲೇ ನನ್ನದೊಂದೇ ಪಟ್ ಅನ್ನುತ್ತಿತ್ತು. ಮಗಳು ಮುಖ ಮುಚ್ಚಿಕೊಂಡಳು. ಪಕ್ಕದ ಸೀಟಿನ ಅಜ್ಜಿ ಎರಡು ಹಾಡು ಸಹಿಸಿಕೊಂಡು, ಕೊನೆಗೆ ನನ್ನ ಮಣಿಕಟ್ಟು ಮೆತ್ತಗೆ ಹಿಡಿದರು. ‘ಅಲ್ಲಲ್ಲ ಚಿನ್ನ’ ಅಂದರು. ಒಂದು ಹೋಗಲು ಬಿಟ್ಟರು. ಎರಡಕ್ಕೆ ನನ್ನ ಕೈಯನ್ನು ತಮ್ಮ ಕೈಗೆ ತಟ್ಟಿಸಿಕೊಂಡರು. ಮತ್ತೆ ಬಿಟ್ಟರು. ಮತ್ತೆ ತಟ್ಟಿಸಿಕೊಂಡರು. ಬೆರಳ ತುಂಬ ಉಂಗುರ, ಬಿಸಿ ಅಂಗೈ. ಹತ್ತು ವರ್ಷದಲ್ಲಿ ಈ ದೇಶದ ಒಬ್ಬ ಅಪರಿಚಿತರು ನನ್ನ ಕೈ ಹಿಡಿದಿದ್ದು ಅದೇ ಮೊದಲು. ಸಮಕ್ಕೆ ತಟ್ಟುವುದು ಸುಲಭ. ಸಮ ಬಿಟ್ಟು ಕಾಯುವುದು ಕಷ್ಟ. ಮನೆಯಲ್ಲಿ ಪಾತ್ರೆ ತೊಳೆಯುತ್ತಾ ಒಂದು ವಾರ ಪ್ರಾಕ್ಟೀಸ್ ಮಾಡಿ, ಬರುತ್ತದೆ.

2023ರಲ್ಲಿ ಅಮ್ಮ ಬಂದಾಗ ಅವರನ್ನೂ ಕರೆದುಕೊಂಡು ಹೋದೆ. ಅಮ್ಮನಿಗೆ ಇಂಗ್ಲಿಷ್ ಬರುವುದಿಲ್ಲ. ಶನಿವಾರ ಆಂಜನೇಯನ ಗುಡಿಯ ಭಜನೆಯಲ್ಲಿ ಮೂವತ್ತು ವರ್ಷ ಮುಂದೆ ನಿಂತು ಹೇಳಿಕೊಟ್ಟವರು. ಒಂದು ಹಾಡು ಮುಗಿಯುವವರೆಗೆ ಸುಮ್ನೆ ಕೇಳಿ, ‘ಇದು ದೇವರ ಹಾಡಾ?’ ಅಂದರು.

‘ಅಲ್ಲಮ್ಮ. ಬಿಟ್ಟುಹೋದವನನ್ನ ವಾಪಸ್ ಬಾ ಅಂತ ಕರೀತಿದ್ದಾಳೆ.’

‘ಎರಡೂ ಹಾಗೇ ಇರುತ್ತೆ ಬಿಡು.’

ಇದರ ಮೇಲೆ ಹೇಳುವುದಕ್ಕೆ ನನ್ನ ಹತ್ತಿರ ಏನೂ ಇರಲಿಲ್ಲ. ಸೋಲ್ ಆಗಿದ್ದೇ ಹಾಗೆ, ಚರ್ಚಿನಲ್ಲಿ ದೇವರನ್ನು ಕರೆದ ದನಿಯಲ್ಲಿ ಹೊರಗೆ ಬಂದು ಪ್ರೀತಿಸಿದವರನ್ನು ಕರೆದರು. ನಮ್ಮ ಅಕ್ಕಮಹಾದೇವಿ ಹೋಗಿದ್ದು ತಿರುಗಾ ದಾರಿಯಲ್ಲಿ, ಚೆನ್ನಮಲ್ಲಿಕಾರ್ಜುನನನ್ನೇ ಗಂಡ ಅಂತ ಕರೆದಳು.

ವಾಪಸ್ ಬರುವಾಗ ಕಾರಿನಲ್ಲಿ ಮಗಳು ಅಜ್ಜಿಯನ್ನು ಕೇಳಿದಳು, ‘ಅಮ್ಮ ಊರಲ್ಲಿ ಹಾಡ್ತಿದ್ರಾ?’ ಅಮ್ಮ ‘ಇವಳಾ? ಇವಳ ಗಂಟಲು ಮುಚ್ಚಿಸೋದೇ ಕಷ್ಟ ಇತ್ತು’ ಅಂದರು. ಮಗಳು ಹಿಂದಿನ ಸೀಟಿನಿಂದ ನನ್ನನ್ನು ಯಾರೋ ಹೊಸಬಳನ್ನು ನೋಡಿದ ಹಾಗೆ ನೋಡಿದಳು. ಅಪಾರ್ಟ್‌ಮೆಂಟಿನ ತೆಳು ಗೋಡೆ, ಪಕ್ಕದ ಮನೆಯವರು ಏನಂದುಕೊಳ್ಳುತ್ತಾರೋ ಅಂತ ಮೊದಲ ವರ್ಷ ದನಿ ತಗ್ಗಿಸಿದ್ದೆ. ಆಮೇಲೆ ಸ್ವಂತ ಮನೆ ಬಂತು, ಸುತ್ತ ಹುಲ್ಲು ಬಂತು. ದನಿ ಎತ್ತುವುದು ಮರೆತೇ ಹೋಗಿತ್ತು.

ಆ ವರ್ಷ ಗಣೇಶನ ಹಬ್ಬಕ್ಕೆ ಸ್ನೇಹಿತರ ಮನೆಯ ಬೇಸ್‌ಮೆಂಟಿನಲ್ಲಿ ಭಜನೆ ಇತ್ತು. ಅಮ್ಮ ಹೇಳಿಕೊಟ್ಟರು, ನಾನು ಜೋರಾಗಿ ಹಾಡಿದೆ. ಎಲ್ಲರದೂ ಒಂದಕ್ಕೆ, ಮೂರಕ್ಕೆ ಚಪ್ಪಾಳೆ. ಮಗಳದು ಮಾತ್ರ ಎರಡಕ್ಕೆ, ನಾಲ್ಕಕ್ಕೆ. ತಬಲಾ ಬಾರಿಸುತ್ತಿದ್ದ ಅಂಕಲ್ ಒಂದೆರಡು ಸಲ ತಲೆ ಎತ್ತಿ ಅವಳ ಕಡೆ ನೋಡಿದರು, ನನ್ನ ಕಡೆಯೂ ನೋಡಿದರು. ನಾನು ಏನೂ ಹೇಳಲಿಲ್ಲ.